ರೈಲು ನಿಲ್ದಾಣದ ಹನ್ನೊಂದು ಸೆಕೆಂಡು

ಕಲ್ವರ್ ಸಿಟಿ, ಕ್ಯಾಲಿಫೋರ್ನಿಯಾ
11 ಜೂನ್ 1951

ಪ್ರಿಯ ಓರ್ಫಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ಒಂದು ವಾರದಿಂದ ಉಡುಪುಗಳಿಗೆ ಗಾಜಿನ ಮಣಿ ಹೊಲಿಯುವುದೇ ಕೆಲಸ. ಇಂಥ ಹೊಲಿಗೆಗೆ ಕೈ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು.

ನಮ್ಮ ಸ್ಟುಡಿಯೋದವರು ದೊಡ್ಡದೊಂದು ಬಣ್ಣದ ಚಿತ್ರ ಶುರುಮಾಡಿದ್ದಾರೆ. ಹಾಡು, ಕುಣಿತ, ತಮಾಷೆ ಎಲ್ಲ ಇರುವಂಥದ್ದು. ಕಥೆ ನಡೆಯುವುದು ಮೂಕಿ ಚಿತ್ರಗಳು ಮುಗಿದು ಟಾಕಿ ಬಂದ ವರ್ಷದಲ್ಲಿ. ನಮ್ಮ ಕಾಲ ಕಣೇ! ಹೊಲಿಗೆ ಕೋಣೆಯಲ್ಲಿ ನಾವು ಹದಿನಾಲ್ಕು ಜನ ಇದ್ದೇವೆ. ಆ ಕಾಲದ ಉಡುಪನ್ನು ಹೊಲಿಯುವವರು ಎಲ್ಲರೂ ಹೌದು, ಮೈಮೇಲೆ ತೊಟ್ಟು ಕ್ಯಾಮೆರಾ ಮುಂದೆ ನಿಂತವಳು ನಾನೊಬ್ಬಳೇ.

ಉಡುಪಿನ ಚಿತ್ರ ಬರೆದುಕೊಡುವ ಯುವಕ ಸೊಂಟಪಟ್ಟಿಯನ್ನು ಈಗಿನಂತೆ ಸೊಂಟದಲ್ಲೇ ಇಟ್ಟಿದ್ದ. ನಾನು ಚೀಟಿಯಲ್ಲಿ "ಇನ್ನೂ ನಾಲ್ಕು ಬೆರಳು ಕೆಳಗೆ" ಎಂದು ಬರೆದೆ. ಅವನು ಪುಸ್ತಕ ತೆಗೆದು ವಾದಕ್ಕೆ ನಿಂತ. ಆಗ ನಮ್ಮ ಮೇಲ್ವಿಚಾರಕಿ ಕೊವಾಲಿಕ್ ಅಮ್ಮ ಸ್ಟುಡಿಯೋದ ಹಳೆಯ ಫೋಟೋ ಒಂದನ್ನು ಎಲ್ಲಿಂದಲೋ ಹುಡುಕಿ ತಂದರು. 1926ರದ್ದು. ಎಡದಿಂದ ಮೂರನೆಯವಳು ನಾನು, ಸೊಂಟಪಟ್ಟಿ ನಾಲ್ಕು ಬೆರಳು ಕೆಳಗೆ. ಹುಡುಗ ಟೋಪಿ ತೆಗೆದು ತಲೆಬಾಗಿದ. ಆವತ್ತಿನಿಂದ ಪ್ರತಿಯೊಂದು ಅಂಚಿಗೂ ನನ್ನನ್ನೇ ಕೇಳುತ್ತಾರೆ.

ನೀನೂ ಎಲ್ಮರನೂ ನನ್ನನ್ನು ರೈಲು ಹತ್ತಿಸಿ ಇಪ್ಪತ್ತೆಂಟು ವರ್ಷವಾಯಿತು. ಕಿವುಡರ ಶಾಲೆಯಲ್ಲಿ ಕಲಿತವರಿಗೆ ಮುಖದಲ್ಲಿ ಮಾತಾಡುವುದನ್ನು ಬೇರೆ ಹೇಳಿಕೊಡಬೇಕಾಗಿಲ್ಲ ಎಂದು ಆಗಿನ ನಿರ್ದೇಶಕರು ನಮ್ಮಂಥವರನ್ನು ಹುಡುಕಿ ಕರೆಯುತ್ತಿದ್ದರಲ್ಲ. ಐದು ವರ್ಷ ಗುಂಪಿನಲ್ಲಿ ನಿಂತೆ, ಮೂರು ಸಲ ಗುಂಪಿನಿಂದ ಮುಂದೆ ಬಂದೆ. ಆಮೇಲೆ ಮೈಕು ಬಂತು, ನಾನು ಹೊಲಿಗೆ ಕೋಣೆಗೆ ಬಂದೆ. ಈಗ ಮತ್ತೆ ಆ ಕಾಲದ ಬಟ್ಟೆ ನನ್ನ ಮಡಿಲಲ್ಲಿದೆ. ಎಲ್ಮರ್‌ಗೆ ಹೇಳು, ನಿನ್ನ ಗಂಡನಿಗೆ ಖುಷಿಯಾಗುತ್ತದೆ.

ನಿನ್ನ
ವೆಲ್ಡಾ

*

ಕೌನ್ಸಿಲ್ ಬ್ಲಫ್ಸ್, ಅಯೋವಾ
24 ಜೂನ್ 1951

ಪ್ರಿಯ ವೆಲ್ಡಾ,

ಸೊಂಟದ ಸಮಾಚಾರ ಓದಿ ನಕ್ಕೆ. ಆದರೆ ಎರಡನೇ ಸಲ ಓದುವಾಗ ನಗು ಬರಲಿಲ್ಲ. "ತಮಾಷೆ" ಎಂದು ಒಂದು ಮಾತು ಬರೆದು ಮುಂದೆ ಓಡಿಬಿಟ್ಟಿದ್ದೀಯ. ತಮಾಷೆ ಯಾರದ್ದು? ಅವರು ನಗುವುದು ಯಾರನ್ನು ನೋಡಿ?

ಶನಿವಾರ ಮಧ್ಯಾಹ್ನಗಳು ನಿನಗೆ ನೆನಪಿವೆ ತಾನೆ? ಚಿತ್ರಮಂದಿರದ ಮುಂದಿನ ಮೂರು ಸಾಲು ನಮ್ಮವೇ. ಒಂದು ಸಲ ಪರದೆಯ ಮೇಲೆ ನಾಯಕ ಸಾಯುತ್ತಿರುವ ನಾಯಕಿಯ ಕೈಹಿಡಿದು ಅಳುತ್ತಿದ್ದ, ಹಿಂದೆ ಕೂತ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ತುಟಿ ಹೇಳುತ್ತಿದ್ದದ್ದು "ಈ ಬೂಟು ಕಚ್ತಾ ಇದೆ, ಬೇಗ ಸಾಯಿ" ಎಂದು. ಮೂರು ಸಾಲೂ ಬಿದ್ದು ಬಿದ್ದು ನಕ್ಕೆವು. ಕಿವಿ ಕೇಳುವವರು ನಮ್ಮನ್ನು ನೋಡಿ, ಇವರಿಗೆ ಏನು ಗೊತ್ತಾಯ್ತು, ನಮಗೇಕೆ ಗೊತ್ತಾಗಲಿಲ್ಲ ಎಂದು ಮುಖ ಮುಖ ನೋಡಿಕೊಂಡರು. ಇಡೀ ಊರಿನಲ್ಲಿ ಅವರ ಸಮಕ್ಕೆ, ಕೆಲವೊಮ್ಮೆ ಅವರಿಗಿಂತ ಒಂದು ಕೈ ಮೇಲಾಗಿ ನಾವು ಕೂತ ಜಾಗ ಅದೊಂದೇ.

ಆಮೇಲೆ 1929. ಹೊಸ ಯಂತ್ರ ಬಂತು, ನಡುನಡುವೆ ಮಾತು ಬರೆದು ತೋರಿಸುತ್ತಿದ್ದ ಫಲಕಗಳು ಹೋದವು. ಒಂದೂವರೆ ಗಂಟೆ ತುಟಿ ಅಲ್ಲಾಡುವುದನ್ನು ನೋಡಿದೆವು. ಅರ್ಧ ಹೊತ್ತು ಅವರು ಕ್ಯಾಮೆರಾಗೆ ಬೆನ್ನು ಹಾಕಿಯೇ ಮಾತಾಡುತ್ತಿದ್ದರು. ಎಲ್ಮರ್ ಎದ್ದು ಹೋಗಿ ಬೀದಿಬದಿಯಲ್ಲಿ ನಿಂತ. ನಾನು ಅಂದಿನಿಂದ ಒಳಗೆ ಕಾಲಿಟ್ಟಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ವಿಚಾರಿಸಿ ಬರೆ.

ಓರ್ಫಾ

*

ಕಲ್ವರ್ ಸಿಟಿ
15 ಜುಲೈ 1951

ಪ್ರಿಯ ಓರ್ಫಾ,

ಇಲ್ಲಿ ಎಲ್ಲ ಚೆನ್ನಾಗಿದೆ. ಮಣಿಯ ಉಡುಪು ಹನ್ನೆರಡೂ ಮುಗಿದವು. ನಾಯಕಿ ಮೇವಿಸ್ ಲೋರ್ನ್ ಎನ್ನುವ ಹುಡುಗಿ, ಒಳ್ಳೆಯವಳು, ಹೊಲಿಗೆಯವರಿಗೂ ನಮಸ್ಕಾರ ಹೇಳುತ್ತಾಳೆ. ಕುಣಿಯುವವರು ಅಭ್ಯಾಸ ಮಾಡುವಾಗ ನೆಲದ ಹಲಗೆಯಿಂದ ತಾಳ ನನ್ನ ಅಂಗಾಲಿಗೆ ಬರುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬೂಟು ಬಿಚ್ಚಿ ಅದನ್ನೇ ಕೇಳುತ್ತೇನೆ ಎನ್ನಬೇಕು.

ಕಥೆಯ ವಿಚಾರ ನನಗೆ ಪೂರ್ತಿ ತಿಳಿಯದು. ನಾನು ಹೊಲಿಗೆಯವಳು, ನನ್ನ ಕೈಗೆ ಬರುವುದು ಬಟ್ಟೆ, ಕಥೆಯಲ್ಲ. ಸಿಹಿನಿಂಬೆಯ ಮರ ಈ ವರ್ಷ ಚೆನ್ನಾಗಿ ಬಿಟ್ಟಿದೆ.

ನಿನ್ನ ಪ್ರತಿ ಪತ್ರದ ಕೆಳಗೆ ಎಲ್ಮರ್ ಎರಡು ಸಾಲು ಬರೆಯುತ್ತಿದ್ದ, ಅಚ್ಚು ಹಾಕಿದಂಥ ಅಕ್ಷರದಲ್ಲಿ. ಹೋದ ಸಲವೂ ಇಲ್ಲ, ಅದರ ಹಿಂದಿನ ಸಲವೂ ಇಲ್ಲ. ನನ್ನ ಮೇಲೆ ಸಿಟ್ಟೇ?

ವೆಲ್ಡಾ

*

ಕೌನ್ಸಿಲ್ ಬ್ಲಫ್ಸ್
2 ಆಗಸ್ಟ್ 1951

ವೆಲ್ಡಾ,

ನಾನು ಕೇಳಿದ್ದು ಒಂದು, ನೀನು ಬರೆದದ್ದು ಸಿಹಿನಿಂಬೆಯ ಮರ. ನಾವು ಏಳು ವರ್ಷದವರಿದ್ದಾಗಿನಿಂದ ನಿನ್ನನ್ನು ಬಲ್ಲೆ. ಹೇಳಬಾರದ್ದು ಇದ್ದಾಗ ಮಾತಾಡುವ ನಿನ್ನ ಕೈಗಳು ಮಡಿಲಿಗೆ ಹೋಗಿಬಿಡುತ್ತಿದ್ದವು. ಈಗ ಕಾಗದದ ಮೇಲೂ ಹಾಗೇ ಮಾಡಿದ್ದೀಯ.

ಅಂದರೆ ನಮ್ಮನ್ನೇ ನೋಡಿ ನಗುತ್ತಿದ್ದಾರೆ. ನೀನು ಪಕ್ಕದಲ್ಲಿ ನಿಂತು ಗುಂಡಿ ಹೊಲಿದುಕೊಡುತ್ತಿದ್ದೀಯ.

ಆ ಚಿತ್ರದ ಸುದ್ದಿಯನ್ನು ಇನ್ನು ನನಗೆ ಬರೆಯಬೇಡ. ಎಲ್ಮರ್‌ಗಂತೂ ಬೇಡವೇ ಬೇಡ.

ಓರ್ಫಾ

*

ಕಲ್ವರ್ ಸಿಟಿ
14 ಅಕ್ಟೋಬರ್ 1951

ಪ್ರಿಯ ಓರ್ಫಾ,

ಬರೆಯಬೇಡ ಎಂದೆ. ಎರಡು ತಿಂಗಳು ಬರೆಯಲಿಲ್ಲ. ಇದೊಂದನ್ನು ಓದಿಬಿಡು, ಆಮೇಲೆ ಬೇಕಾದರೆ ಒಲೆಗೆ ಹಾಕು.

ಜುಲೈನಲ್ಲಿ ನಿನಗೆ ಸುಳ್ಳು ಬರೆದೆ. ಆ ಪತ್ರದ ಹಿಂದಿನ ದಿನ ನಾನು ಸೆಟ್ಟಿನಲ್ಲಿದ್ದೆ, ಮೇವಿಸ್‌ಳ ಉಡುಪಿನ ಅಂಚಿಗೆ ಪಿನ್ನು ಹಾಕಲು. ಚಿತ್ರದೊಳಗೊಂದು ಹಳೆಯ ಮೂಕಿ ಚಿತ್ರ ತೆಗೆಯುವ ದೃಶ್ಯ. ನಾಯಕ ಎದೆ ಬಡಿದುಕೊಂಡ, ಕಣ್ಣುಗುಡ್ಡೆ ತಿರುಗಿಸಿದ. ಮೇವಿಸ್ ಹಣೆಗೆ ಕೈಯೊತ್ತಿ ಮೂರು ಸಲ ಮೂರ್ಛೆ ಹೋದಳು. ದೀಪ ಹಿಡಿದವರ ಭುಜಗಳು ನಗುವಿನಿಂದ ಕುಣಿಯುತ್ತಿದ್ದವು. ನಿರ್ದೇಶಕ ಹಾರ್ಲನ್ ಪ್ರೂಯಿಟ್ ಕೆಟ್ಟ ಮನುಷ್ಯನಲ್ಲ. ಮೂಕಿ ಅಂದರೆ ಹಾಗೇ ಇತ್ತು ಎಂದು ಅವರು ನಿಜವಾಗಿ ನಂಬಿದ್ದರು. ನಾನು ಆ ಕಾಲದಲ್ಲಿ ನಟಿಸಿದವಳು ಎಂದು ಕೊವಾಲಿಕ್ ಅಮ್ಮ ಹೋಗಿ ಹೇಳಿಬಿಟ್ಟರು. ಪ್ರೂಯಿಟ್ ನನಗೆ ಚೀಟಿ ಕೊಟ್ಟರು: "ಹೇಗ್ ಮಾಡ್ತಿದ್ರಿ, ಸ್ವಲ್ಪ ತೋರಿಸ್ತೀರಾ?" ಎಲ್ಲರೂ ನನ್ನತ್ತ ತಿರುಗಿದರು, ಇನ್ನಷ್ಟು ನಗಲು ಸಿದ್ಧರಾಗಿ. ಬಾಯಲ್ಲಿದ್ದ ಪಿನ್ನುಗಳನ್ನು ತೋರಿಸಿ ಓಡಿಹೋದೆ. ಸಿಹಿನಿಂಬೆಯ ಪತ್ರ ಬರೆದದ್ದು ಮರುದಿನ.

ನಿನ್ನ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಏಳು ವಾರ ಓಡಾಡಿದೆ. ಸೆಪ್ಟೆಂಬರ್ ಕೊನೆಯಲ್ಲಿ ಆ ದೃಶ್ಯದ ಒಂದು ಭಾಗವನ್ನು ಮತ್ತೆ ತೆಗೆಯುತ್ತಾರೆಂದು ಗೊತ್ತಾಯಿತು. ಅಂದು ಬೆಳಿಗ್ಗೆ ಏಪ್ರನ್ ಬಿಚ್ಚಿಟ್ಟು ಹೋದೆ. ಚೀಟಿ ಮೊದಲೇ ಬರೆದಿಟ್ಟಿದ್ದೆ: "ಜುಲೈನಲ್ಲಿ ಕೇಳಿದ್ರಿ. ಈಗ ತೋರಿಸ್ತೀನಿ. ಹತ್ತು ನಿಮಿಷ ಕೊಡಿ." ಪ್ರೂಯಿಟ್ ಓದಿ, ಕೆಳಗೆ "ಐದು" ಎಂದು ಬರೆದು ಹಿಂದಿರುಗಿಸಿದರು.

ನಾನು ಒಂದು ಕುರ್ಚಿಯ ಪಕ್ಕ ನಿಂತೆ. ಅದು ರೈಲು ನಿಲ್ದಾಣ. ಯಾರೋ ಬರುತ್ತಾರೆಂದು ಕಾಯುತ್ತಿದ್ದೇನೆ. ರೈಲು ಬಂತು. ಇಳಿದವರ ಮುಖಗಳನ್ನು ಒಂದೊಂದಾಗಿ ನೋಡಿದೆ. ನೋಡನೋಡುತ್ತ ಮುಖಗಳು ಕಡಿಮೆಯಾದವು. ಕೊನೆಯವನೂ ಹೋದ. ನಾನು ಅಳಲಿಲ್ಲ, ಎದೆ ಮುಟ್ಟಿಕೊಳ್ಳಲಿಲ್ಲ. ಬರಬೇಕಾದವನಿಗೆಂದು ತಂದಿದ್ದ ಕೋಟನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸಿಕೊಂಡೆ, ಅಷ್ಟೇ. ಆಮೇಲೆ ಮುಂದಿನ ರೈಲಿನ ಹೊತ್ತು ನೋಡಲು ಗಡಿಯಾರದ ಕಡೆ ತಿರುಗಿದೆ.

ಸದ್ದು ನಿಂತದ್ದು ನನಗೆ ತಿಳಿಯುವುದಿಲ್ಲ, ನಿನಗೆ ಗೊತ್ತು. ಆದರೆ ಮೇಲೆ ಅಟ್ಟಣೆಯಲ್ಲಿ ಒಬ್ಬ ಬಡಗಿ ಮೊಳೆ ಹೊಡೆಯುತ್ತಿದ್ದ. ಅವನ ಸುತ್ತಿಗೆ ಗಾಳಿಯಲ್ಲೇ ನಿಂತಿತ್ತು. ಅದು ಕೆಳಗಿಳಿಯುವವರೆಗೆ ಯಾರೂ ಅಲ್ಲಾಡಲಿಲ್ಲ.

ಪ್ರೂಯಿಟ್ ಪೆನ್ಸಿಲ್ ತೆಗೆದುಕೊಂಡರು. ಚೀಟಿಯ ಹಿಂದೆ ಬರೆದರು: "ಇದನ್ನ ನೋಡಿ ಯಾರೂ ನಗಲ್ಲ. ನಂದು ನಗೋ ಚಿತ್ರ."

ನಾನು ಬರೆದೆ: "ನಗ್ಲಿ. ಕೆಟ್ಟ ನಟರನ್ನ ನೋಡಿ ನಗ್ಲಿ, ಆಗ್ಲೂ ಇದ್ರು, ಈಗ್ಲೂ ಇದಾರೆ. ಆದ್ರೆ ಚೆನ್ನಾಗಿ ಮಾಡೋರೂ ಇದ್ರು ಅಂತ ಒಂದ್ಸಲ ತೋರ್ಸಿ. ಆಮೇಲೆ ಎಷ್ಟಾದ್ರೂ ನಗ್ಸಿ."

ಮೂರು ದಿನ ಏನೂ ಇಲ್ಲ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ನಾಲ್ಕನೆಯ ದಿನ ಕರೆಬಂತು. ನಾಯಕ ಎದೆ ಬಡಿದುಕೊಳ್ಳುವ ಮುಂಚೆ, ಆ ಮೂಕಿ ಚಿತ್ರದ ಕಪ್ಪು-ಬಿಳುಪಿನಲ್ಲೇ ನಿಲ್ದಾಣದ ಒಂದು ತುಣುಕು. ಕಾಯುವವಳು ನಾನು. ನಾನೇ ಹೊಲಿದ ಶಾಲು ಹೊದ್ದು ನಿಂತೆ. ನಲವತ್ತು ಸೆಕೆಂಡು ತೆಗೆದರು. ಮೇವಿಸ್ ಪಕ್ಕದಲ್ಲಿ ನಿಂತು ನೋಡಿದಳು. ಆಮೇಲೆ ಕೋಟು ಕೈಬದಲಿಸುವುದನ್ನು ತನಗೂ ಹೇಳಿಕೊಡಿ ಎಂದು ಕೇಳಿದಳು.

ಕೊನೆಗೆ ಕತ್ತರಿಸಿ ಎಸೆಯಬಹುದು. ಹಾಡು ಉದ್ದವಾದರೆ ಮೊದಲು ಹೋಗುವುದು ಇಂಥವೇ. ಆದರೆ ಆ ದಿನ ನನ್ನ ಕೈಗಳು ಮಡಿಲಲ್ಲಿರಲಿಲ್ಲ. ಅದನ್ನು ನಿನಗೆ ಹೇಳಬೇಕಿತ್ತು. ಎಲ್ಮರನ ಸಿಟ್ಟೂ ಇಳಿಯಲಿ.

ವೆಲ್ಡಾ

*

ಕೌನ್ಸಿಲ್ ಬ್ಲಫ್ಸ್
4 ನವೆಂಬರ್ 1951

ನನ್ನ ವೆಲ್ಡಾ,

ಒಲೆಗೆ ಹಾಕಲಿಲ್ಲ. ನಿನ್ನ ಪತ್ರವನ್ನು ಊಟದ ಮೇಜಿನಲ್ಲಿ ಎಲ್ಮರನಿಗೆ ಪೂರ್ತಿ ಕೈಯಲ್ಲಿ ಹೇಳಿದೆ. ಸುತ್ತಿಗೆಯ ಜಾಗ ಎರಡು ಸಲ ಹೇಳಿಸಿಕೊಂಡ.

ಈಗ ನನ್ನ ಸರದಿ. ಎಲ್ಮರ್ ನಿನ್ನ ಮೇಲೆ ಸಿಟ್ಟಾಗಿಲ್ಲ. ಸಂಜೆಯ ದೀಪದಲ್ಲಿ ಅವನಿಗೆ ಕಾಗದದ ಗೆರೆ ಕಾಣುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಎರಡು ವರ್ಷದಿಂದ ಅವನ ಕಣ್ಣು ಸುತ್ತಲಿನಿಂದ ಮುಚ್ಚಿಕೊಂಡು ಬರುತ್ತಿದೆ. ನಡುವೆ ಒಂದು ವೃತ್ತ ಉಳಿದಿದೆ, ಕೊಳವೆಯೊಳಗಿಂದ ನೋಡಿದ ಹಾಗೆ. ನಾನು ಈಗ ಅವನ ಮುಖದೆದುರು ಸಣ್ಣಸಣ್ಣದಾಗಿ ಕೈಯಾಡಿಸುತ್ತೇನೆ. ದೊಡ್ಡದಾಗಿ ಬೀಸಿದರೆ ನನ್ನ ಅರ್ಧ ಮಾತು ವೃತ್ತದ ಹೊರಗೆ ಹೋಗುತ್ತದೆ. ಪತ್ರಿಕೆ ಕಚೇರಿಯಲ್ಲಿ ಯಂತ್ರದ ಕೀಲಿ ಒತ್ತಿ ಸೀಸದ ಸಾಲು ಎರಕ ಹೊಯ್ಯುವ ಕೆಲಸಕ್ಕೆ ಇನ್ನೂ ಅಡ್ಡಿಯಿಲ್ಲ. ಅಚ್ಚಿಗೆ ಬಂದ ಸಾಲು ವೃತ್ತದೊಳಗೆ ಹಿಡಿಸುತ್ತದೆ, ಕೀಲಿಗಳನ್ನು ಬೆರಳುಗಳೇ ಬಲ್ಲವು. ಡಾಕ್ಟರು ಇನ್ನು ಎಷ್ಟು ದಿನ ಎಂದು ಹೇಳುತ್ತಿಲ್ಲ. ಕಡಿಮೆಯಾಗುತ್ತದೆ ಎಂದಷ್ಟೇ ಹೇಳಿದರು.

ಯಾರಿಗೂ ಹೇಳಲಿಲ್ಲ. ಕಿವುಡರಾಗಿ ನಾವು ಯಾರೆದುರೂ ಕನಿಕರಕ್ಕೆ ಕೈಯೊಡ್ಡಿದವರಲ್ಲ, ಇದಕ್ಕೂ ಒಡ್ಡಬಾರದು ಎಂದಿತ್ತು.

ನಿನ್ನ ಜೂನ್ ಪತ್ರ ಬಂದಾಗ ಅವನ ಮುಖ ಅರಳಿತು. "ಆ ಸಿನಿಮಾಗೆ ಹೋಗೋಣ ಕಣೇ. ಇದೊಂದು ನೋಡ್ಬೇಕು ನಂಗೆ" ಎಂದ. ಇಪ್ಪತ್ತೆರಡು ವರ್ಷ ಆ ಬಾಗಿಲು ತುಳಿಯದವನು. ನನಗೆ ಭಯವಾಯಿತು. ಉಳಿದಿರುವ ಸ್ವಲ್ಪ ಕಣ್ಣನ್ನು ಖರ್ಚುಮಾಡಿ ಅವನು ನೋಡುವುದು ನಮ್ಮನ್ನೇ ಹೀಯಾಳಿಸುವ ಚಿತ್ರವಾದರೆ? ಆ ಭಯವನ್ನು ನಿನ್ನ ತಲೆಯ ಮೇಲೆ ಸುರಿದೆ. ಗುಂಡಿ ಹೊಲಿಯುವ ಮಾತು ನಾನು ಬರೆಯಬಾರದಿತ್ತು.

ಚಿತ್ರ ಮುಗಿದಾಗ ನೀನು ಮೊದಲು ನೋಡು. ನೋಡಿ ನಿಜ ಬರೆ. ಕರೆದುಕೊಂಡು ಹೋಗು ಎಂದರೆ ಹೋಗುತ್ತೇನೆ. ಬೇಡ ಎಂದರೆ ಏನಾದರೂ ನೆಪ ಹೇಳಿ ಮನೆಯಲ್ಲಿಡುತ್ತೇನೆ.

ಓರ್ಫಾ

*

ಕಲ್ವರ್ ಸಿಟಿ
9 ಮಾರ್ಚ್ 1952

ಪ್ರಿಯ ಓರ್ಫಾ,

ನಿನ್ನ ಪತ್ರಕ್ಕೆ ಆಗ ಬರೆದ ನಾಲ್ಕು ಸಾಲು ತಲುಪಿತ್ತು ತಾನೆ? ಅದಕ್ಕಿಂತ ಹೆಚ್ಚು ಬರೆಯಲು ಆಗ ಕೈ ಬರಲಿಲ್ಲ. ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತವರು. ನನಗೂ ಹೇಳಲಿಲ್ಲವಲ್ಲ ಎಂದು ಒಂದು ದಿನ ಮುನಿಸಿಕೊಂಡೆ. ಎರಡನೇ ದಿನ, ನಾನೂ ಹೇಳುತ್ತಿರಲಿಲ್ಲ ಎನ್ನಿಸಿತು.

ನಿನ್ನೆ ಸ್ಟುಡಿಯೋದವರಿಗೆ ಚಿತ್ರ ತೋರಿಸಿದರು. ನಿಜ ಬರೆಯುತ್ತೇನೆ.

ನನ್ನ ನಲವತ್ತು ಸೆಕೆಂಡು ಹನ್ನೊಂದಾಗಿದೆ. ಎಣಿಸಿದೆ. ಮುಖಗಳನ್ನು ಹುಡುಕುವ ಭಾಗ ಹೋಯಿತು. ಕೋಟು ಉಳಿದಿದೆ, ಗಡಿಯಾರದ ಕಡೆ ತಿರುಗುವುದು ಉಳಿದಿದೆ. ಅದರ ಹಿಂದೆಯೇ ಎದೆ ಬಡಿಯುವುದು ಬರುತ್ತದೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಿನಗೆ ಆಶ್ಚರ್ಯವಾಗಬಹುದು, ನಾನೂ ನಕ್ಕೆ. ಆ ಹನ್ನೊಂದು ಸೆಕೆಂಡು ಮುಂದಿರುವುದರಿಂದ ಈಗ ಅದು ಒಬ್ಬ ಕೆಟ್ಟ ನಟನನ್ನು ನೋಡಿ ನಗುವ ನಗು. ನಮ್ಮನ್ನು ನೋಡಿ ಅಲ್ಲ.

ಹಾಡುಗಳು ಉದ್ದ. ಬಾಯಿ ತೆರೆದುಕೊಂಡೇ ಇರುತ್ತದೆ, ಸಹಿಸಿಕೊಳ್ಳಿ. ಕುಣಿತ ಮಾತ್ರ ಕಣ್ಣಿಗೆಂದೇ ಮಾಡಿದ್ದು, ಕಾಲುಗಳು ಹೇಳುವುದೆಲ್ಲ ನಿಮಗೆ ತಿಳಿಯುತ್ತದೆ. ಮೈಕಿನ ಸುತ್ತ ಒಂದು ದೊಡ್ಡ ನಗೆಯ ಪ್ರಸಂಗವಿದೆ, ಅದು ನಮಗೆ ಅರ್ಥವಾಗದು. ಅದಕ್ಕೇ ಕೊವಾಲಿಕ್ ಅಮ್ಮನ ಪಕ್ಕ ಕೂತು ಇಡೀ ಕಥೆಯನ್ನು, ಯಾರು ಯಾರಿಗೆ ಏನೆಂದರು ಎನ್ನುವುದನ್ನೆಲ್ಲ, ಹದಿನೆಂಟು ಹಾಳೆ ಬರೆದುಕೊಂಡೆ. ಜೊತೆಗಿಟ್ಟಿದ್ದೇನೆ. ಮೊದಲು ಮನೆಯಲ್ಲಿ ಎಲ್ಮರನಿಗೆ ಹೇಳು, ಆಮೇಲೆ ಹೋಗಿ.

ಮತ್ತೆ, ಮುಂದಿನ ಸಾಲು ಬೇಡ. ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಅಲ್ಲಿಂದ ಪರದೆ ಚಿಕ್ಕದಾಗುತ್ತದೆ, ಅವನ ವೃತ್ತದೊಳಗೆ ಇಡಿಯಾಗಿ ಹಿಡಿಸಬಹುದು. ಕಾಗದವನ್ನು ಕೊಳವೆಯಂತೆ ಸುತ್ತಿ ಕಣ್ಣಿಗಿಟ್ಟುಕೊಂಡು ನಾನೇ ನೋಡಿದೆ.

ಕರೆದುಕೊಂಡು ಹೋಗು.

ವೆಲ್ಡಾ

*

ಕೌನ್ಸಿಲ್ ಬ್ಲಫ್ಸ್
27 ಮೇ 1952

ನನ್ನ ವೆಲ್ಡಾ,

ಏಪ್ರಿಲ್‌ನಲ್ಲಿ ಮಿಸೌರಿ ನದಿಯ ನೆರೆ ನಮ್ಮನ್ನೆಲ್ಲ ಊರು ಬಿಡಿಸಿತ್ತು. ಕಟ್ಟೆ ಒಡೆಯದೆ ನಿಂತಿತು, ಮನೆಗೆ ಬಂದೆವು. ಜಿನುಗಿದ ನೀರು ನೆಲಮಾಳಿಗೆಯಲ್ಲಿ ಬಿಟ್ಟ ಕೆಸರು ಇನ್ನೂ ಬಳಿಯುತ್ತಿದ್ದೇನೆ. ನಿನ್ನ ಹದಿನೆಂಟು ಹಾಳೆಯನ್ನು ಮಾತ್ರ ಉಟ್ಟ ಬಟ್ಟೆಯ ಜೊತೆ ಹೊತ್ತುಕೊಂಡೇ ಹೋಗಿದ್ದೆ. ಅದು ಈಗ ನಮ್ಮ ಕಿವುಡರ ಕೂಟದವರೆಲ್ಲರ ಕೈಯಲ್ಲಿ ತಿರುಗಿ ಮೆತ್ತಗಾಗಿದೆ. ನಾವಿಬ್ಬರೇ ಹೋಗುವುದೆಂದಿತ್ತು. ಶನಿವಾರ ಮಧ್ಯಾಹ್ನ ಸೇತುವೆ ದಾಟಿ ಒಮಾಹಾಗೆ ಹೋಗುವ ಬಸ್ಸಿಗೆ ನಿಂತವರನ್ನು ಎಣಿಸಿದರೆ ಮೂವತ್ತನಾಲ್ಕು ಜನ.

ಮಂದಿರದ ಹಿಂದಿನ ಎರಡು ಸಾಲು ಪೂರ್ತಿ ನಮ್ಮದಾಯಿತು. ಟಿಕೆಟ್ ಹರಿಯುವವನು, ಮುಂದೆ ಅಷ್ಟು ಜಾಗ ಇದೆಯಲ್ಲ ಎಂದು ಕೈ ತೋರಿಸಿದ. ನಾವು ಅಲ್ಲಾಡಲಿಲ್ಲ. ಎಲ್ಮರ್ ಕೊನೆಯ ಸಾಲಿನ ನಡುವೆ ಕೂತ. ದೀಪ ಆರಿತು. ಪರದೆ ಬೆಳಗಿದಾಗ ಅವನು ತಲೆಯನ್ನು ಅತ್ತಿತ್ತ ತಿರುಗಿಸಿ ಅಂಚು ಹುಡುಕಿದ. ಆಮೇಲೆ ನನ್ನ ಅಂಗೈ ತೆಗೆದುಕೊಂಡು ಬೆರಳಿನಿಂದ ಒಂದು ಚೌಕ ಬರೆದ, ನಾಲ್ಕು ಮೂಲೆಯೂ ಸೇರಿಸಿ. ಪೂರ್ತಿ ಕಾಣುತ್ತಿತ್ತು.

ಕುಣಿತದ ವಿಷಯ ನೀನು ಹೇಳಿದ್ದು ನಿಜ. ಮೈಕಿನ ಪ್ರಸಂಗ ಬಂದಾಗ ನಿನ್ನ ಏಳನೇ ಹಾಳೆ ಓದಿದ್ದ ನಾವು ಕಿವಿ ಕೇಳುವವರಿಗಿಂತ ಮುಂಚೆಯೇ ನಕ್ಕುಬಿಟ್ಟೆವು. ಮುಂದೆ ಕೂತವರು ತಿರುಗಿ ನೋಡಿದರು. ಇಪ್ಪತ್ತಮೂರು ವರ್ಷದ ಮೇಲೆ ಒಮ್ಮೆ ಹಾಗೆ ನೋಡಿದರು.

ಆಮೇಲೆ ನೀನು ಬಂದೆ.

ನಾನು ನಿನ್ನನ್ನು ಹೊಗಳಿ ಬರೆಯಲಾರೆ, ನನಗೆ ಬರುವುದಿಲ್ಲ. ಕೋಟನ್ನು ಈ ತೋಳಿನಿಂದ ಆ ತೋಳಿಗೆ ತೆಗೆದುಕೊಂಡೆಯಲ್ಲ, ನನ್ನ ಪಕ್ಕದ ಹೆಂಗಸು, ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು, ತನ್ನ ಖಾಲಿ ತೋಳನ್ನು ಹಿಡಿದುಕೊಂಡಳು. ನೀನು ಗಡಿಯಾರದತ್ತ ತಿರುಗುವಷ್ಟರಲ್ಲಿ ಎಲ್ಮರ್ ಎದ್ದು ನಿಂತಿದ್ದ. ಹಿಂದೆ ಗೋಡೆ, ಯಾರಿಗೂ ಅಡ್ಡವಿರಲಿಲ್ಲ. ಕರವಸ್ತ್ರ ತೆಗೆದು ಬೀಸಿದ, ನಮ್ಮ ಕೂಟದಲ್ಲಿ ಯಾರಾದರೂ ಚೆನ್ನಾಗಿ ಆಡಿದರೆ ಬೀಸುವ ಹಾಗೆ. ಅವನನ್ನು ನೋಡಿ ಉಳಿದವರೂ ಎದ್ದರು. ಪರದೆಯ ಮೇಲೆ ನಾಯಕ ಎದೆ ಬಡಿದುಕೊಳ್ಳುತ್ತಿದ್ದಾನೆ, ಇಡೀ ಮಂದಿರ ನಗುತ್ತಿದೆ, ಹಿಂದಿನ ಎರಡು ಸಾಲಿನಲ್ಲಿ ಮೂವತ್ತನಾಲ್ಕು ಬಿಳಿ ಬಟ್ಟೆ.

ಜಾಗ ತೋರಿಸುವ ಹೆಂಗಸು, ನರೆಗೂದಲಿನವಳು, ಟಾರ್ಚು ಹಿಡಿದು ಗಾಬರಿಯಿಂದ ಬಂದಳು. ನಾನು ಚೀಟಿಯಲ್ಲಿ ಬರೆದೆ: "ತೊಂದ್ರೆ ಏನಿಲ್ಲ. ಈಗ ನಿಲ್ದಾಣದಲ್ಲಿ ನಿಂತಿದ್ದೋಳು ನಮ್ಮವಳು." ಅವಳು ಟಾರ್ಚಿನ ಬೆಳಕಿನಲ್ಲಿ ಓದಿ, ಕೆಳಗೆ ಬರೆದಳು: "ಯಾರೋ ಹೊಸ ನಟಿ ಅಂದ್ಕೊಂಡಿದ್ದೆ. ದಿನಾ ನೋಡ್ತೀನಿ ಅವಳನ್ನ. ಮುಂದಿನ್ ಆಟಕ್ಕೂ ಕೂತ್ಕೊಳ್ಳಿ, ಯಾರೂ ಎಬ್ಬಿಸಲ್ಲ."

ಕೂತೆವು. ಎರಡನೇ ಸಲ ನಾನು ಪರದೆ ನೋಡಲಿಲ್ಲ. ನೀನು ಬರುವ ಹೊತ್ತಿಗೆ ಬಗ್ಗಿ ಪಕ್ಕದ ಸಾಲುಗಳ ಮುಖ ನೋಡಿದೆ. ಒಬ್ಬ ಮುದುಕ ಬಾಯಿಗೆ ಹಾಕಲು ಎತ್ತಿದ ಜೋಳದ ಅರಳನ್ನು ಹಾಗೇ ಹಿಡಿದುಕೊಂಡಿದ್ದ.

ಹೊರಗೆ ಬೆಳಕಿಗೆ ಬಂದ ಮೇಲೆ ಎಲ್ಮರ್ ಮೊದಲು ಹೇಳಿದ್ದು ಇದು: "ವೆಲ್ಡಾಗೆ ವಯಸ್ಸಾಗಿದೆ ಕಣೇ. ಆದ್ರೆ ಮುಖಕ್ಕೆ ಸುಳ್ಳು ಹೇಳೋದು ಇನ್ನೂ ಬಂದಿಲ್ಲ." ಆಮೇಲೆ ಅವನಿಗೊಂದು ಅಸಮಾಧಾನ. ಶುರುವಿನಲ್ಲಿ ಹೆಸರುಗಳು ಬಂದಾಗ ಎರಡು ಆಟದಲ್ಲೂ ಕಣ್ಣು ಕೀಲಿಸಿ ಓದಿದ್ದ. ಬೂಟು ಒರೆಸಿದವನ ಹೆಸರೂ ಇದೆ, ನಿನ್ನದಿಲ್ಲ ಎಂದು ಬಸ್ಸಿನ ತುಂಬ ಎಲ್ಲರಿಗೂ ಹೇಳಿದ.

ನಿನ್ನೆ ಸೋಮವಾರ ಕಚೇರಿಯಿಂದ ತಡವಾಗಿ ಬಂದ. ಈ ಪತ್ರದ ಜೊತೆಗಿರುವ ಸೀಸದ ತುಂಡು ಅವನು ಎರಕ ಹೊಯ್ದದ್ದು. ಅಕ್ಷರ ತಿರುಗಾಮುರುಗಾ ಇರುತ್ತದೆ, ಕನ್ನಡಿಯ ಮುಂದೆ ಹಿಡಿ. "ಕಾಯುವವಳು: ವೆಲ್ಡಾ ಸ್ಟ್ರೋಮ್" ಎಂದಿದೆ. ಮೊದಲು ಸುದ್ದಿಯ ಅಕ್ಷರದಲ್ಲಿ ಹೊಯ್ದಿದ್ದನಂತೆ. ಚಿಕ್ಕದಾಯಿತು ಎಂದು ಅದನ್ನು ಕರಗಿಸಿ, ಮುಖಪುಟದ ತಲೆಬರಹದ ಅಕ್ಷರದಲ್ಲಿ ಮತ್ತೆ ಹೊಯ್ದ.

ನಿನ್ನ
ಓರ್ಫಾ